ಬಾಲ್ಕನಿಗೆ ಹಕ್ಕಿ ಬರಲು ಕಾಳೋ, ನೀರೋ, ಗಿಡವೋ?

ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಮುಂಬಯಿಯ ಫ್ಲ್ಯಾಟಿನಲ್ಲಿ ಕೂತೇ ಹಕ್ಕಿ ನೋಡಬಹುದು. ಮುಲುಂಡ್‌ನ ಒಂದೇ ಬಾಲ್ಕನಿಯಲ್ಲಿ ಮೂರನ್ನೂ ಇಟ್ಟು ನೋಡಿದ ಮೇಲೆ ನಮ್ಮ ಮತ ಗಿಡಕ್ಕೆ, ಆಮೇಲೆ ನೀರಿಗೆ. ಕಾಳು ಬೇಡವೇ ಬೇಡ.

ಸಜ್ಜೆ, ಅಕ್ಕಿನುಚ್ಚು ಹಾಕಿದರೆ ಗುಬ್ಬಿಗಿಂತ ಮೊದಲು ಪಾರಿವಾಳ ಹಾಜರು. ರುಚಿ ಹತ್ತಿತೆಂದರೆ ಏಸಿ ಡಬ್ಬದ ಹಿಂದೆಯೇ ಸಂಸಾರ. ಹಿಕ್ಕೆ ಒಣಗಿ ಪುಡಿಯಾಗಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. 2025ರಲ್ಲಿ ದಾದರಿನ ಕಬೂತರ್‌ಖಾನಾ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಕಟ್ಟೆ, ಮುಚ್ಚಿಸಿದ್ದು ಈ ಕಾರಣಕ್ಕೇ. ತೂಗುವ ಫೀಡರ್‌ನ ಕಡ್ಡಿಯ ಮೇಲೆ ಪಾರಿವಾಳ ಕೂರಲಾರದು, ನಿಜ. ಆದರೆ ಗುಬ್ಬಿ ಉದುರಿಸಿದ್ದಕ್ಕೆ ಹಗಲು ಅದು ಕೆಳಗೆ ಕಾಯುತ್ತದೆ, ರಾತ್ರಿ ಇಲಿ.

ನೀರಿಗೆ ಪ್ಲಾಸ್ಟಿಕ್ ಬೋಗುಣಿ ಬೇಡ: ಉಗುರಿಗೆ ಹಿಡಿತ ಸಿಗದು, ಕಾಗೆ ಕೂತರೆ ಮಗುಚುತ್ತದೆ. ಸ್ಟೀಲ್ ಮಧ್ಯಾಹ್ನಕ್ಕೆ ಸುಡುತ್ತದೆ. ಕುಂಡದಡಿ ಇಡುವ ಮಣ್ಣಿನ ತಟ್ಟೆಯೇ ಸರಿ, 12 ಇಂಚು ಅಗಲ, ನೀರು ಒಂದೇ ಇಂಚು, ನಡುವೆ ಒರಟು ಕಲ್ಲು. ಪಿಕಳಾರ ಕಲ್ಲಿನ ಮೇಲೆ ಕೂತು, ಸುತ್ತ ನೋಡಿ, ಆಮೇಲೆ ಮೀಯಲು ಇಳಿಯುತ್ತದೆ. ದಿನಾ ನೀರು ಚೆಲ್ಲಿ ನಾರಿನಿಂದ ಉಜ್ಜಿ, ಸೋಪು ಬೇಡ. ವಾರ ಬಿಟ್ಟರೆ ಪಾಚಿ, ಜೊತೆಗೆ ಡೆಂಗಿ ಸೊಳ್ಳೆಯ ಮರಿ. ಕಾಗೆ ಒಣ ಚಪಾತಿ, ಮೀನಿನ ಮುಳ್ಳು ತಂದು ನೆನೆಹಾಕುವುದಂತೂ ತಪ್ಪದು. ಆ ದಿನ ಎರಡು ಸಲ ತೊಳೆಯಬೇಕು.

ಗಿಡದಲ್ಲಿ ದಾಸವಾಳಕ್ಕಿಂತ ಹಮೇಲಿಯಾ ಮೇಲು. ದಾಸವಾಳದ ಹೂ ಒಂದೇ ದಿನದ್ದು, ಬಿಳಿ ಹಿಟ್ಟುತಿಗಣೆಯ ಕಾಟ ಬೇರೆ. ಹಮೇಲಿಯಾದ ಸಣ್ಣ ಕಿತ್ತಳೆಗೆಂಪು ಕೊಳವೆಗಳಿಗೆ ಸೂರಕ್ಕಿ ಬೆಳಿಗ್ಗೆಯಿಂದ ಸಂಜೆವರೆಗೆ ಬರುತ್ತದೆ. 14 ಇಂಚಿನ ಕುಂಡ, ಐದಾರು ಗಂಟೆ ಬಿಸಿಲು ಬೇಕು. ಉತ್ತರದ ಬಾಲ್ಕನಿಯಲ್ಲಿ ಬರೀ ಎಲೆಯೇ ಬಂದೀತು.

ಜೊತೆಗೆ ಕರಿಬೇವು ಎರಡು ಕುಂಡ, ಒಂದು ಒಗ್ಗರಣೆಗೆ, ಒಂದು ಚಿಟ್ಟೆಗೆ. ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕ ತಿಳಿಹಳದಿ ಮೊಟ್ಟೆ ಕಾಣುತ್ತದೆ. ಎಳೆ ಹುಳು ಥೇಟ್ ಹಕ್ಕಿಯ ಹಿಕ್ಕೆ, ಬಲಿತ ಮೇಲೆ ಹಸಿರು. ಔಷಧಿ ಹೊಡೆಯಬೇಡಿ, ಬೇವಿನೆಣ್ಣೆಯೂ ಬೇಡ. ಸೂರಕ್ಕಿ ಮಕರಂದ ಕುಡಿದರೂ ಮರಿಗೆ ತಿನ್ನಿಸುವುದು ಹುಳು, ಜೇಡ.

ಬಟ್ಟೆ ಒಣಹಾಕುವ ಹಗ್ಗದ ತುದಿಯಲ್ಲಿ ನಾರು, ಒಣಎಲೆ, ಜೇಡರಬಲೆಯ ಸಂಚಿ ತೂಗಿದರೆ ಅದು ಕಸವಲ್ಲ, ಸೂರಕ್ಕಿಯ ಗೂಡು. ಒಂದು ತಿಂಗಳು ಆ ಹಗ್ಗಕ್ಕೆ ಕೈ ಹಚ್ಚಬೇಡಿ, ಬಟ್ಟೆಗೆ ಸ್ಟ್ಯಾಂಡ್ ಇದೆಯಲ್ಲ.