ಟ್ರಯಲ್ಸ್ ಸೈಕಲ್‌ಗೆ ಹೊಸ ಫ್ರೀವೀಲ್: 72 ಕ್ಲಿಕ್ ಸಾಕಪ್ಪಾ ಸಾಕು

ಮೊದಲೇ ಹೇಳಿಬಿಡುತ್ತೇನೆ, ನೆಲಕ್ಕೆ ಕಾಲಿಡದೆ ಬಂಡೆಯಿಂದ ಬಂಡೆಗೆ ಹಾರುವ ಟ್ರಯಲ್ಸ್ ಸೈಕಲ್ ಆಟಕ್ಕೆ ನನ್ನ ಓಟು ವೈಟ್ ಇಂಡಸ್ಟ್ರೀಸ್ ಕಂಪನಿಯ ಈನೋ ಟ್ರಯಲ್ಸ್ ಫ್ರೀವೀಲ್‌ಗೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಈನೋ ಬೇರೆ, ಇದು ಬೇರೆ. ಆದರೆ ಇದರ ಬೆಲೆ ನೋಡಿದ ಮೇಲೆ ಅದೂ ಬೇಕಾಗಬಹುದು. ನೂರು ಡಾಲರ್ ಮೀರುತ್ತದೆ, ಅದರ ಮೇಲೆ ಕಸ್ಟಮ್ಸ್ ಬೇರೆ.

ಮಾಮೂಲಿ ಸೈಕಲ್‌ನಲ್ಲಿ ಫ್ರೀವೀಲ್, ಅಂದರೆ ಪೆಡಲ್ ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಹಲ್ಲುಚಕ್ರ, ಹಿಂದಿನ ಚಕ್ರದಲ್ಲಿರುತ್ತದೆ. ನನ್ನ ಟ್ರಯಲ್ಸ್ ಸೈಕಲ್‌ನಲ್ಲಿ ಅದು ಬಲಗಡೆ ಕ್ರ್ಯಾಂಕ್ (ಪೆಡಲ್ ಕೂರುವ ಕೋಲು) ಮೇಲೆ ಕೂತಿದೆ, ಹಿಂದಿನ ಹಲ್ಲುಚಕ್ರ ಹಬ್‌ಗೆ ಬಿಗಿ. ಇದನ್ನು ನೋಡಿ ನಮ್ಮ ಬೀದಿಯ ಸೈಕಲ್ ಶಾಪಿನ ಹಿರಿಯರು, "ಏನ್ ಸಾರ್, ಹಿಂದಿರಬೇಕಾದ್ದು ಮುಂದೆ ಬಂದ್ಬಿಟ್ಟಿದೆ" ಅಂತ ನಕ್ಕರು. ಥ್ರೆಡ್ ಮಾತ್ರ ಅದೇ, 1.37 ಇಂಚು, ಇಂಚಿಗೆ 24 ಸುತ್ತು. ಹಾಗಾಗಿ ಅವರ ಡಬ್ಬದಲ್ಲಿದ್ದ 18 ಹಲ್ಲಿನ ಲೋಕಲ್ ಫ್ರೀವೀಲ್ ಕೂಡ ಸಲೀಸಾಗಿ ಕೂತಿತು. ಕೆಲವು ನೂರು ರೂಪಾಯಿ, ಅಷ್ಟೇ.

ಅದು ಯಾಕೆ ಸಾಲಲಿಲ್ಲ ಅಂದರೆ, ಒಂದು ಸುತ್ತಿಗೆ ಕ್ಲಿಕ್ (ಒಳಗೆ ಹಲ್ಲು ಕಚ್ಚುವ ಜಾಗ) ಇಪ್ಪತ್ತರ ಆಸುಪಾಸು. ಅಂದರೆ ಒಂದು ಕ್ಲಿಕ್‌ನಿಂದ ಇನ್ನೊಂದಕ್ಕೆ ಸುಮಾರು 18 ಡಿಗ್ರಿ. 170 ಮಿಲಿಮೀಟರ್ ಕ್ರ್ಯಾಂಕ್‌ನಲ್ಲಿ ಪೆಡಲ್ 5 ಸೆಂಟಿಮೀಟರಿನಷ್ಟು ಸುಮ್ನೆ ಖಾಲಿ ಇಳಿಯಬಹುದು. ರಸ್ತೆಯಲ್ಲಿ ಇದು ಗೊತ್ತೇ ಆಗಲ್ಲ. ಹಿಂದಿನ ಚಕ್ರದ ಮೇಲೆ ನಿಂತು, ಒಂದು ಬಂಡೆಯಿಂದ ಇನ್ನೊಂದಕ್ಕೆ ಪೆಡಲ್ ಒದ್ದು ಹಾರುವಾಗ ಆ 5 ಸೆಂಟಿಮೀಟರೇ ಎಲ್ಲ. ಕಾಲು ಒದೆಯುತ್ತದೆ, ಸೈಕಲ್ ತಡವಾಗಿ ಹೊರಡುತ್ತದೆ. ಬಂಡೆಗೆ ಬಡಿದಾಗ ಹಲ್ಲುಗಳನ್ನು ಕಾಯುವ ಬ್ಯಾಶ್ ಗಾರ್ಡ್ ಕೂರಿಸಲು ಜಾಗವೂ ಅದರಲ್ಲಿಲ್ಲ.

ಇನ್ನೊಂದು ತುದಿಯಲ್ಲಿ 108 ಕ್ಲಿಕ್‌ನದು. ಕಂಪನಿ ಹೆಸರು ಬೇಡ. ಕಾಗದದ ಮೇಲೆ ಇದೇ ರಾಜ: ಕ್ಲಿಕ್‌ಗೆ 3.3 ಡಿಗ್ರಿ, ಪೆಡಲ್ ಖಾಲಿ ಹೋಗುವುದು ಹೆಚ್ಚೆಂದರೆ 1 ಸೆಂಟಿಮೀಟರ್. ಈನೋದಲ್ಲಿ 72 ಕ್ಲಿಕ್, 5 ಡಿಗ್ರಿ, ಒಂದೂವರೆ ಸೆಂಟಿಮೀಟರ್. ಇಬ್ಬರ ನಡುವೆ ಅರ್ಧ ಸೆಂಟಿಮೀಟರ್ ಗಲಾಟೆ! ಬೆಂಗಳೂರಿನ ತುರಹಳ್ಳಿ ಬಂಡೆಗಳ ಮೇಲೆ ನನ್ನ ಕಾಲಿಗೆ ಅದು ತಿಳಿಯಲೇ ಇಲ್ಲ. ಸ್ಪರ್ಧೆಗೆ ಇಳಿಯುವವರಿಗೆ ತಿಳಿಯುತ್ತದೇನೋ.

ತಿಳಿದದ್ದು ಬೇರೆ. ಕೆಲವು ತಿಂಗಳಲ್ಲಿ ಆ 108 ಕ್ಲಿಕ್‌ನದು ಜಾರಲು ಶುರುಮಾಡಿತು. ಪೂರ್ತಿ ಭಾರ ಹಾಕಿ ಒದ್ದಾಗ ಒಳಗಿನ ಪಾಲ್ ಎಂಬ ಪುಟ್ಟ ಕೊಂಡಿ ಹಲ್ಲಿಗೆ ಕಚ್ಚಲೇ ಇಲ್ಲ, ಪೆಡಲ್ ಸುತ್ತಿ ಬಂದು ಅದರ ಮೊಳೆಗಳು ಕಾಲಿನ ಮುಂದಿನ ಮೂಳೆಗೆ ಬಡಿದವು. ಸರಿ, ತೆಗೆಯೋಣ ಅಂದರೆ ಅಲ್ಲಿ ಶುರುವಾಯಿತು ನಿಜವಾದ ಕಾಟ.

ಫ್ರೀವೀಲ್ ಬಿಚ್ಚಲು ಅದರ ಒಳಮುಖದಲ್ಲಿ ನಾಲ್ಕು ಕಚ್ಚುಗಳಿರುತ್ತವೆ. ನಾಲ್ಕು ಮೂಲೆಯ ರಿಮೂವರ್ ಅದರಲ್ಲಿ ಕೂರಬೇಕು. ನಾವು ಒದ್ದಷ್ಟೂ ಥ್ರೆಡ್ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. ಅದು ಇರುವುದೇ ಹಾಗೆ, ಟ್ರಯಲ್ಸ್‌ನಲ್ಲಿ ಒದೆತವೂ ಜಾಸ್ತಿ. ಇದರ ಕಚ್ಚುಗಳು ಆಳವಿರಲಿಲ್ಲ. ರಿಮೂವರ್ ಅನ್ನು ಮೇಜಿನ ಮೇಲಿನ ಇಕ್ಕಳದಂಥ ವೈಸ್‌ಗೆ ಕೊಟ್ಟು, ಕ್ರ್ಯಾಂಕ್ ರಂಧ್ರದಲ್ಲಿ ಬೋಲ್ಟ್ ಹಾಕಿ ಒತ್ತಿ ಹಿಡಿದು, ಕ್ರ್ಯಾಂಕನ್ನೇ ಹಿಡಿಕೆ ಮಾಡಿ ತಿರುಗಿಸಿದೆ. ಕಚ್ಚಿನ ಅಂಚು ಕಿತ್ತು ಬಂತು. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಉಳಿದ ಅಂಚೂ ಹೋಯಿತು.

ಕೊನೆಗೆ ಅದೇ ಬೀದಿ ಶಾಪಿನ ಹಿರಿಯರು ದಾರಿ ತೋರಿಸಿದರು. ಫ್ರೀವೀಲ್ ಮುಚ್ಚಳಕ್ಕೆ ಎರಡು ಚಿಕ್ಕ ತೂತು ಇರುತ್ತವಲ್ಲ, ಅದರ ಥ್ರೆಡ್ ಎಡಗೈ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪಂಚ್ ಇಟ್ಟು ಸುತ್ತಿಗೆಯಲ್ಲಿ ತಟ್ಟಿದರು. ಮುಚ್ಚಳ ಬಂತು, ಗುಂಡುಗಳೆಲ್ಲ ತಟ್ಟೆಗೆ ಬಿದ್ದವು, ಹೊರಗಿನ ಹಲ್ಲಿನ ಬಳೆ ಕೈಗೆ ಬಂತು. ಉಳಿದ ಒಳಗಿನ ತಿರುಳನ್ನು ವೈಸ್‌ನಲ್ಲಿ ಗಟ್ಟಿಯಾಗಿ ಹಿಡಿದು ತಿರುಗಿಸಿದಾಗ ಟಕ್ ಅಂತ ಬಿಟ್ಟಿತು. ಫ್ರೀವೀಲ್ ಗುಜರಿಗೆ, ಕ್ರ್ಯಾಂಕ್ ಮಾತ್ರ ಉಳಿಯಿತು. ಹೊಸ ಕ್ರ್ಯಾಂಕಿನ ಬೆಲೆ ನೆನೆದರೆ ಅವರಿಗೆ ಕೊಟ್ಟ ದುಡ್ಡು ಏನೂ ಅಲ್ಲ.

ಈನೋಗೆ ಬಂದರೆ, ಅಮೆರಿಕದ ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ತಯಾರಾಗುತ್ತದೆ. ಒಳಗೆ ಬಿಡಿ ಗುಂಡುಗಳ ಬದಲು ಸೀಲ್ ಆದ ಬೇರಿಂಗ್. ಬಿಚ್ಚಿ ಸರ್ವಿಸ್ ಮಾಡಬಹುದು, ನನಗೆ ಹಿಡಿಸಿದ್ದು ಅದೇ. ನಾನು ವಾರಾಂತ್ಯದಲ್ಲಿ ಮಾತ್ರ ಓಡಿಸುವವನು, ಮಳೆಗಾಲದಲ್ಲಿ ಕೆಸರು ಮೆತ್ತಿದ ಸೈಕಲ್ ಹಾಗೇ ನಿಂತಿರುತ್ತದೆ. ಅಂಥ ಸೋಮಾರಿಗೆ ಇದು ಸರಿ. ಶಬ್ದ ಜೋರು, ಬೀದಿ ನಾಯಿಗಳಿಗೆ ಇಷ್ಟವಾಗಿಲ್ಲ.

ಒಂದು ಎಚ್ಚರ. ಯಾವುದೇ ಫ್ರೀವೀಲ್ ಇರಲಿ, ಒಳಗೆ ಗಟ್ಟಿ ಗ್ರೀಸ್ ತುಂಬಲು ಬಿಡಬೇಡಿ. ಪಾಲ್‌ನ ಸ್ಪ್ರಿಂಗ್ ಪುಟ್ಟದು, ಗ್ರೀಸ್‌ಗೆ ಅಂಟಿಕೊಂಡರೆ ಕಚ್ಚದೆ ಜಾರುತ್ತದೆ. ತೆಳು ಎಣ್ಣೆ ಸಾಕು. ಗ್ರೀಸ್ ಬೇಕಾದದ್ದು ಕ್ರ್ಯಾಂಕಿನ ಥ್ರೆಡ್‌ಗೆ, ಅಲ್ಲಿ ಧಾರಾಳವಾಗಿ ಹಚ್ಚಿ.

ಬರೀ ನಿಂತಲ್ಲೇ ಬ್ಯಾಲೆನ್ಸ್ ಕಲಿಯುವ ಹಂತದಲ್ಲಿದ್ದರೆ ಲೋಕಲ್ ಫ್ರೀವೀಲೇ ಸಾಕು, ದುಡ್ಡನ್ನು ಬ್ರೇಕ್ ಪ್ಯಾಡ್‌ಗೆ ಇಟ್ಟುಕೊಳ್ಳಿ. ಪೆಡಲ್ ಒದ್ದು ಹಾರಲು ಶುರುಮಾಡಿದ ದಿನ 72ಕ್ಕೆ ಹೋಗಿ. ತರಿಸುವಾಗ ಅದಕ್ಕೆ ಸರಿಹೊಂದುವ ರಿಮೂವರ್ ಕೂಡ ಅದೇ ಪಾರ್ಸೆಲ್‌ನಲ್ಲಿ ತರಿಸಿಬಿಡಿ.