ಮನೆಯ ಹಾಲ್‌ಗೆ ಹೆರಿಸೋ ತಬ್ರೀಜೋ? ಆರು ಪರ್ಷಿಯನ್ ರತ್ನಗಂಬಳಿ ಮನೆಯಲ್ಲೇ ಹಾಸಿ ನೋಡಿದ ಮೇಲೆ

ಗಂಟು ಜಾಸ್ತಿ ಇದ್ದಷ್ಟೂ ರತ್ನಗಂಬಳಿ ಒಳ್ಳೆಯದು ಅಂತ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ನಂಬಿದ್ದೆ. ಈಗ ನಂಬುವುದಿಲ್ಲ. ನಾವು ಶಾರ್ಜಾಕ್ಕೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿಂದ ಕೊಲ್ಲಿ ದಾಟಿದರೆ ಇರಾನ್, ಹಾಗಾಗಿ ಅಲ್ಲಿಯ ಕೈಗಂಟಿನ ಗಂಬಳಿಗಳು ಇಲ್ಲಿಯ ಬ್ಲೂ ಸೂಕ್ ಮಾರುಕಟ್ಟೆಯ ಮಹಡಿಯ ಅಂಗಡಿಗಳಲ್ಲಿ ರಾಶಿ ರಾಶಿ ಬಿದ್ದಿರುತ್ತವೆ. ಮುಖಪರಿಚಯ ಆದ ಮೇಲೆ ಅಂಗಡಿಯವರೇ "ಮನೇಲಿ ಹಾಸಿ ನೋಡಿ ಮೇಡಂ, ಹಿಡಿಸದಿದ್ರೆ ವಾಪಸ್ ತನ್ನಿ" ಅಂತ ಸುರುಳಿ ಸುತ್ತಿ ಕಾರಿಗೆ ಹಾಕಿ ಕಳಿಸುತ್ತಾರೆ. ಹೀಗೆ ಆರು ಥರದ್ದು ಮನೆಗೆ ಬಂದವು: ಹಮದಾನ್, ಹೆರಿಸ್, ತಬ್ರೀಜ್, ನಾಯಿನ್, ಗಬ್ಬೇ, ಕೋಮ್‌ನ ರೇಷ್ಮೆ. ಗಬ್ಬೇ ಬಿಟ್ಟು ಉಳಿದವೆಲ್ಲ ಇರಾನಿನ ಊರುಗಳ ಹೆಸರು. ನಾಲ್ಕು ಉಳಿದವು, ಎರಡು ವಾಪಸ್ ಹೋದವು.

ನಮ್ಮದು ಇಬ್ಬರು ಮಕ್ಕಳಿರುವ ಮನೆ. ರಾತ್ರಿ ಊಟ ನೆಲದ ಮೇಲೆ ಕೂತೇ. ಬೇಸಿಗೆಯಲ್ಲಿ ಎರಡು ತಿಂಗಳು ಬೀಗ ಹಾಕಿ ಊರಿಗೆ ಹೋಗುತ್ತೇವೆ. ನಾನು ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಸುಲಭ. ನಾನು ಹುಬ್ಬಳ್ಳಿಯವಳು, ಚಿಕ್ಕಂದಿನಿಂದ ನೋಡಿದ್ದು ನವಲಗುಂದದ ಜಮಖಾನ. ಅದರಲ್ಲಿ ಇರುವುದು ಹಾಸು, ಹೊಕ್ಕು, ಇಷ್ಟೇ. ಹೊಕ್ಕಿನ ಬಣ್ಣದ ದಾರವೇ ಚಿತ್ತಾರ. ಪರ್ಷಿಯನ್ ಗಂಬಳಿಯಲ್ಲಿ ಇನ್ನೊಂದು ಕೆಲಸ ಜಾಸ್ತಿ. ಹಾಸಿನ ಎರಡೆರಡು ಎಳೆಗೆ ಉಣ್ಣೆಯ ದಾರ ಸುತ್ತಿ, ಗಂಟು ಎಳೆದು, ಕತ್ತರಿಸುತ್ತಾರೆ. ಒಂದು ಸಾಲು ಮುಗಿದರೆ ಹೊಕ್ಕು ಹಾಯಿಸಿ ಹಣಿಗೆಯಿಂದ ಬಡಿಯುತ್ತಾರೆ. ನಾವು ಕಾಲಿಡುವುದು ಆ ಕತ್ತರಿಸಿದ ತುದಿಗಳ ಮೇಲೆ. ಕುಚ್ಚು ಅಂದರೆ ಹಾಸಿನ ಎಳೆಗಳೇ, ನಮ್ಮ ಸೀರೆಯ ಕುಚ್ಚಿನ ಹಾಗೆ. ಗಂಬಳಿಗೆ ಕುಚ್ಚನ್ನು ಬೇರೆಯಾಗಿ ಹೊಲಿದು ಅಂಟಿಸಿದ್ದು ಕಂಡರೆ ಅದು ಮಷೀನಿನದೇ ಇರಬೇಕು ಅಂತ ಅನುಮಾನ ಪಡಿ. ಮೇಲಿನ ಹೂ ನೋಡುವ ಮುಂಚೆ ಮೂಲೆ ಮಗುಚಿ ಹಿಂಬದಿ ನೋಡಿ. ಕೈಗಂಟಿನದ್ದಾದರೆ ಹಿಂಬದಿಯಲ್ಲೂ ಅದೇ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ.

ಈ ಆರರಲ್ಲಿ ಮೊದಲು ಕೊಂಡದ್ದು ಹಮದಾನ್. ಇದು ಒಂದು ಊರಿನ ಹೆಸರಾದರೂ ಸುತ್ತಲಿನ ನೂರಾರು ಹಳ್ಳಿಗಳ ಗಂಬಳಿ ಇದೇ ಹೆಸರಲ್ಲಿ ಮಾರಾಟ ಆಗುತ್ತದೆ, ಹಳ್ಳಿಗೊಂದು ಚಿತ್ತಾರ. ಗುರುತು ಹಿಡಿಯುವುದು ಸುಲಭ. ಸಾಲಿಗೆ ಒಂದೇ ಹೊಕ್ಕು ಹಾಯಿಸುವುದರಿಂದ ಹಿಂಬದಿಯಲ್ಲಿ ಎಳ್ಳು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಕಾಣುತ್ತವೆ. ನಮ್ಮದು ಜರೋನಿಮ್ ಅಳತೆಯದ್ದು, ಅಂದರೆ ಸುಮಾರು ಒಂದು ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದ. ಬಾಗಿಲ ಹತ್ತಿರವೇ ಹಾಸಿದ್ದೇವೆ. ಮರಳು, ಶಾಲೆ ಚೀಲ, ತರಕಾರಿ ಗಾಡಿಯ ಚಕ್ರ, ಎಲ್ಲ ಅದರ ಮೇಲೇ. ಇಷ್ಟು ವರ್ಷದಲ್ಲಿ ಸವೆದದ್ದು ಹೂವಿನ ಸುತ್ತಲಿನ ಕಂದು ಗೆರೆ ಮಾತ್ರ. ಕಬ್ಬಿಣದ ಅಂಶ ಹಾಕಿ ಕಟ್ಟಿದ ಕಂದು, ಕಪ್ಪು ಬಣ್ಣಗಳು ಉಣ್ಣೆಯನ್ನೇ ನಿಧಾನಕ್ಕೆ ತಿನ್ನುತ್ತವೆ, ಹಳೆಯ ಗಂಬಳಿಗಳಲ್ಲಿ ಇದು ಮಾಮೂಲು.

ಇದಕ್ಕಿಂತ ಮುಂಚೆ ಇನ್ನೊಂದು ಹಮದಾನ್‌ನಲ್ಲಿ ಪೆಟ್ಟು ತಿಂದೆ. ಅಂಗಡಿ ಹೆಸರು ಬೇಡ. ಮಗ ನೀರು ಚೆಲ್ಲಿದ, ಒರೆಸಿದರೆ ಬಟ್ಟೆ ಪೂರ್ತಿ ಕೆಂಪು, ಪಕ್ಕದ ಬಿಳಿ ಹೂವೂ ಗುಲಾಬಿ. ದುಡ್ಡು ವಾಪಸ್ ಬರಲಿಲ್ಲ. ಅವತ್ತಿನಿಂದ ಅಂಗಡಿಗೆ ಹೋಗುವಾಗ ಬಿಳಿ ಕರವಸ್ತ್ರ ಇಟ್ಟುಕೊಳ್ಳುತ್ತೇನೆ. ಒದ್ದೆ ಮಾಡಿ ಕೆಂಪು ಭಾಗದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬಣ್ಣ ಹತ್ತಿದರೆ ಎದ್ದು ಬನ್ನಿ. ಒಳ್ಳೆ ವ್ಯಾಪಾರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಹೆರಿಸ್. ಇದರ ಬಗ್ಗೆ ಬರೆಯೋಕೆ ಕೂತರೆ ನನಗೆ ನಿಲ್ಲಿಸೋಕೆ ಆಗಲ್ಲ.

ಹೆರಿಸ್ ಇರುವುದು ಇರಾನಿನ ವಾಯವ್ಯ ಮೂಲೆಯಲ್ಲಿ, ತಬ್ರೀಜ್‌ನಿಂದ ಪೂರ್ವಕ್ಕೆ, ಸಬಲಾನ್ ಬೆಟ್ಟದ ಕಡೆ. ಪಟ್ಟಣದ ಮಗ್ಗಗಳಲ್ಲಿ ದೊಡ್ಡ ಚೌಕಳಿ ಹಾಳೆಯ ಮೇಲೆ ಪ್ರತಿ ಗಂಟೂ ಬರೆದಿಟ್ಟಿರುತ್ತಾರೆ, ನೇಯುವವರು ಅದನ್ನು ನೋಡಿ ಹಾಕುತ್ತಾ ಹೋಗಬೇಕು. ಹೆರಿಸ್‌ನ ಹಳ್ಳಿಗಳಲ್ಲಿ ಎಷ್ಟೋ ಕಾಲ ಅಂಥ ಪೂರ್ತಿ ನಕ್ಷೆ ಇಲ್ಲದೆ, ಒಂದು ಸಣ್ಣ ಮಾದರಿ ನೋಡಿಕೊಂಡು, ಉಳಿದದ್ದು ನೆನಪಿನಿಂದಲೇ ನೇಯ್ದರು. ಗಂಟು ದಪ್ಪ, ಬಳ್ಳಿಯನ್ನು ದುಂಡಗೆ ತಿರುಗಿಸೋಕೆ ಜಾಗ ಇಲ್ಲ. ಹಾಗಾಗಿ ಬಳ್ಳಿ ಮೆಟ್ಟಿಲು ಮೆಟ್ಟಿಲಾಗಿ ಮುರಿಯುತ್ತದೆ, ನಡುವಿನ ದೊಡ್ಡ ಹೂ ಎಂಟು ಮೂಲೆಯ ನಕ್ಷತ್ರ ಆಗುತ್ತದೆ. ಇಳಕಲ್ ಸೀರೆಯ ಟೋಪಿ ತೆನಿ ಸೆರಗು ನೋಡಿ ಬೆಳೆದ ಕಣ್ಣಿಗೆ ಆ ಮೊನಚು ತಕ್ಷಣ ಹಿಡಿಸಿಬಿಟ್ಟಿತು.

ನಮ್ಮದು ಹೊಸದಲ್ಲ, ಯಾರದೋ ಮನೆಯಲ್ಲಿ ನಲವತ್ತು ವರ್ಷ ಬಾಳಿದ್ದು, ಎರಡು ಮೀಟರ್‌ಗೆ ಮೂರು ಮೀಟರ್. ಹಿಂಬದಿ ಅಳತೆಪಟ್ಟಿ ಇಟ್ಟು ಎಣಿಸಿದೆ. ಒಂದು ಸೆಂಟಿಮೀಟರ್‌ಗೆ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು. ಅಂದರೆ ಚದರ ಸೆಂಟಿಮೀಟರ್‌ಗೆ ಒಂಬತ್ತೇ ಗಂಟು. ಗಂಟಿನ ಲೆಕ್ಕದಲ್ಲಿ ಇದು ತೀರಾ ಕೆಳಗಿನ ದರ್ಜೆ. ಆದರೆ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ. ಉಣ್ಣೆ ದಪ್ಪ, ಬಿಗಿ, ಸ್ವಲ್ಪ ಜಿಡ್ಡು ಜಿಡ್ಡು. ಕಾಲು ಎತ್ತಿದ ತಕ್ಷಣ ಮತ್ತೆ ಎದ್ದು ನಿಲ್ಲುತ್ತದೆ. ಒಂದು ಸಂಜೆ ಪೂರ್ತಿ ಲೋಟ ಫಿಲ್ಟರ್ ಕಾಫಿ ಅದರ ನಡುವಿಗೇ ಬಿತ್ತು. ಒಂದೆರಡು ಕ್ಷಣ ಕಾಫಿ ಒಳಗೆ ಇಳಿಯಲೇ ಇಲ್ಲ, ಮೇಲೆಯೇ ಮಣಿ ಮಣಿಯಾಗಿ ನಿಂತಿತ್ತು. ಹತ್ತಿ ಬಟ್ಟೆ ಒತ್ತಿ ಎತ್ತಿದೆ, ತಿಕ್ಕಲಿಲ್ಲ, ಆಮೇಲೆ ತಣ್ಣೀರಿಗೆ ಸ್ವಲ್ಪ ವಿನೆಗರ್ ಹಾಕಿ ಮತ್ತೆ ಒತ್ತಿದೆ. ಈಗ ಕಾಫಿ ಎಲ್ಲಿ ಬಿದ್ದಿತ್ತು ಅಂತ ನನಗೇ ಹುಡುಕೋಕೆ ಆಗಲ್ಲ.

ಆ ಕೆಂಪು ಮಂಜಿಷ್ಠದ ಜಾತಿಯ ಬೇರಿನದ್ದು, ಇರಾನಿನಲ್ಲಿ ಅದಕ್ಕೆ ರೂನಾಸ್ ಅನ್ನುತ್ತಾರೆ. ಇಟ್ಟಿಗೆಗೂ ಕುಂಕುಮಕ್ಕೂ ನಡುವಿನ ಬಣ್ಣ. ಒಂದು ಕಡೆ ಗಾಢ, ಎರಡು ಗೇಣು ಆಚೆ ತಿಳಿ. ಇದು ದೋಷ ಅಂದುಕೊಂಡು ಬೆಲೆ ಇಳಿಸೋಕೆ ನೋಡಿದ್ದೆ! ಇದಕ್ಕೆ ಅಬ್ರಶ್ ಅಂತ ಹೆಸರು. ಒಂದು ಪಾತ್ರೆಯಲ್ಲಿ ಅದ್ದಿದ ಉಣ್ಣೆ ಮುಗಿದು ಇನ್ನೊಂದು ಪಾತ್ರೆಯದ್ದು ಶುರುವಾದಾಗ ಬರುವ ಗೆರೆ ಅದು. ಬೆಳಗಿನ ಬಿಸಿಲು ಬಿದ್ದಾಗ ಆ ಏರಿಳಿತ ನೋಡೋಕೇ ಒಂದು ಖುಷಿ.

ತಬ್ರೀಜ್‌ಗೆ ಬಂದರೆ, ಅದು ಹತ್ತು ದಿನ ಮಾತ್ರ ನಮ್ಮ ಮನೆಯಲ್ಲಿತ್ತು. ಅಲ್ಲಿಯವರು ಗಂಟನ್ನು ರಜ್ ಲೆಕ್ಕದಲ್ಲಿ ಹೇಳುತ್ತಾರೆ, ಸುಮಾರು ಏಳು ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಗಂಟು ಅಂತ. ನಾವು ತಂದದ್ದು 50 ರಜ್. ಲೆಕ್ಕ ಹಾಕಿ: ಚದರ ಮೀಟರ್‌ಗೆ ಐದು ಲಕ್ಷದ ಮೇಲೆ, ಎರಡಕ್ಕೆ ಮೂರು ಮೀಟರ್ ಗಂಬಳಿಗೆ 30 ಲಕ್ಷ ಗಂಟು. ನುರಿತ ಕೈ ದಿನಕ್ಕೆ ಹತ್ತು ಸಾವಿರ ಹಾಕಿದರೂ ಒಬ್ಬರಿಗೆ 300 ದಿನದ ಕೆಲಸ.

ಅದನ್ನು ಕಣ್ಣಾರೆ ನೋಡಿದ್ದೂ ಇದೆ. ನಮ್ಮ ಯಜಮಾನರ ಕೆಲಸದ ನೆಪದಲ್ಲಿ ಒಮ್ಮೆ ತಬ್ರೀಜ್‌ಗೆ ಹೋಗಿದ್ದೆವು. ಅಲ್ಲಿಯ ಹಳೆಯ ಬಜಾರ್ 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಅದರೊಳಗೆ ಮುಜಫ್ಫರಿಯೇ ಅನ್ನುವ ಓಣಿ ಪೂರ್ತಿ ಗಂಬಳಿಯದೇ. ಇಟ್ಟಿಗೆಯ ಕಮಾನಿನ ಕೆಳಗೆ ನಡೆದರೆ ಉಣ್ಣೆಯ ವಾಸನೆ. ಊರಲ್ಲೇ ಒಂದು ಕಡೆ ಮಗ್ಗದ ಮುಂದೆ ಕೂತ ಒಬ್ಬ ಹೆಂಗಸಿನ ಕೈ ನೋಡಿದೆ. ತಬ್ರೀಜ್‌ನವರು ಬೆರಳಿನಲ್ಲಿ ಗಂಟು ಹಾಕುವುದಿಲ್ಲ, ಕುಲ್ಲಾಬ್ ಅಂತ ತುದಿಗೆ ಕೊಕ್ಕೆ ಇರುವ ಚೂರಿ ಹಿಡಿದಿರುತ್ತಾರೆ. ಕೊಕ್ಕೆ ಎರಡು ಎಳೆಯ ಹಿಂದೆ ಹೋಗುತ್ತದೆ, ಉಣ್ಣೆ ಎಳೆಯುತ್ತದೆ, ಅದೇ ಚೂರಿಯ ಅಲಗು ಕತ್ತರಿಸುತ್ತದೆ. ಮೂರು ಎಣಿಸುವಷ್ಟರಲ್ಲಿ ಒಂದು ಗಂಟು. ಕತ್ತರಿಸುವ ಸದ್ದು ಟಪ್ ಟಪ್ ಅಂತ ಒಂದೇ ತಾಳದಲ್ಲಿ. ಆಯಮ್ಮ ಅಷ್ಟು ಹೊತ್ತೂ ಪಕ್ಕದವರ ಜೊತೆ ಮಾತಾಡುತ್ತಲೇ ಇದ್ದರು, ಕೈ ಮಾತ್ರ ಒಂದು ಸಲವೂ ನಿಲ್ಲಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ವಾಪಸ್ ಕೊಟ್ಟೆ? ಅದು ಬಂದ ಮೇಲೆ ನಮ್ಮ ಮನೆಯ ನಡಿಗೆಯೇ ಬದಲಾಯಿತು. ಕೆನೆ ಬಣ್ಣದ ಒಡಲು, ಹೂವಿನ ಅಂಚಿಗೆಲ್ಲ ರೇಷ್ಮೆ, ಒಂದೊಂದು ಎಸಳೂ ಕುಂಚದಲ್ಲಿ ಬರೆದ ಹಾಗೆ. ಎಲ್ಲರೂ ಗೋಡೆ ಪಕ್ಕದಿಂದ ಸುತ್ತಿ ಹೋಗುತ್ತಿದ್ದೆವು. ಊಟ ಅಡುಗೆಮನೆಗೆ ಹೋಯಿತು. ಮಕ್ಕಳಿಗೆ ಹತ್ತು ದಿನವೂ ಬೈದದ್ದೇ ಬೈದದ್ದು. ಜೊತೆಗೆ ನಮ್ಮ ಹಾಲಿಗೆ ಪಶ್ಚಿಮದ ಬಿಸಿಲು ನೇರವಾಗಿ ಬೀಳುತ್ತದೆ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅರ್ದಬಿಲ್ ಗಂಬಳಿ 1539-40ರ ಸುಮಾರಿನದ್ದು, ಅದರ ಬಣ್ಣ ಉಳಿಸೋಕೆ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಬೆಳಕು ಅಷ್ಟು ಕೆಲಸ ಮಾಡುತ್ತದೆ. ದೊಡ್ಡವರು ಮಾತ್ರ ಇರುವ, ಬಿಸಿಲು ಬೀಳದ ಕೋಣೆ ಇದ್ದರೆ ತಬ್ರೀಜ್ ತಗೊಳ್ಳಿ, ಅದರಷ್ಟು ಚಂದದ್ದು ನಾನು ಮನೆಗೆ ತಂದಿಲ್ಲ. ಮಕ್ಕಳಿರುವ ಮನೆಯ ಹಾಲ್‌ಗೆ ಬೇಡ.

ನಾಯಿನ್ ನಮ್ಮ ಮಲಗುವ ಕೋಣೆಯಲ್ಲಿದೆ. ಇಸ್ಫಹಾನ್ ಪ್ರಾಂತದಲ್ಲಿ ಮರಳುಗಾಡಿನ ಅಂಚಿಗಿರುವ ಊರು ಅದು. ಮೊದಲು ಉಣ್ಣೆಯ ನಿಲುವಂಗಿ ಬಟ್ಟೆಗೆ ಹೆಸರಾಗಿತ್ತು, ಗಂಬಳಿಗೆ ಹೆಸರು ಬಂದದ್ದು ಕಳೆದ ಶತಮಾನದಲ್ಲಿ. ನೀಲಿ, ಕೆನೆ, ತಿಳಿ ಕಂದು, ಇಷ್ಟೇ ಬಣ್ಣ, ಕೋಣೆ ತಂಪಾದ ಹಾಗೆ ಅನ್ನಿಸುತ್ತದೆ. ಇದರ ದರ್ಜೆ ಹೇಳುವುದು 'ಲಾ' ಲೆಕ್ಕದಲ್ಲಿ. ಕುಚ್ಚಿನ ಒಂದು ಎಳೆ ಹಿಡಿದು ಹುರಿ ಬಿಚ್ಚಿದರೆ ಒಳಗೆ ಎಷ್ಟು ಸಣ್ಣ ಎಳೆ ಸಿಗುತ್ತದೋ ಅಷ್ಟು ಲಾ. 9 ಲಾ ದಪ್ಪ, 6 ಲಾ ನವುರು, 4 ಲಾ ಇನ್ನೂ ನವುರು. ನಂಬರ್ ಇಳಿದಷ್ಟೂ ಬೆಲೆ ಏರುತ್ತದೆ, ಮೊದಲ ಸಲ ಕೇಳಿದವರಿಗೆ ಉಲ್ಟಾ ಅನ್ನಿಸುತ್ತದೆ. ನಮ್ಮದು 6 ಲಾ ಅಂತ ಕೊಟ್ಟರು, ಮನೆಗೆ ಬಂದು ಬಿಚ್ಚಿ ಎಣಿಸಿದೆ, ಆರೇ ಇತ್ತು. ಹೆರಿಸ್‌ಗೆ ಕೊಟ್ಟ ದುಡ್ಡಿಗೆ ಅದರ ಅರ್ಧ ಅಳತೆಯ ನಾಯಿನ್ ಬಂತು.

ಇದಕ್ಕೇ ನುಸಿ ಬಿತ್ತು. ಒಂದು ಬೇಸಿಗೆ ಊರಿಂದ ವಾಪಸ್ ಬಂದು ಮಂಚ ಸರಿಸಿದರೆ, ಮಂಚದ ಕೆಳಗಿದ್ದ ಭಾಗದಲ್ಲಿ ಅಂಗೈಯಷ್ಟು ಜಾಗ ಬೋಳು. ಉಣ್ಣೆ ಹೋಗಿ ಹತ್ತಿಯ ಹಾಸು ಬೆಳ್ಳಗೆ ಕಾಣುತ್ತಿತ್ತು. ಅತ್ತುಬಿಟ್ಟೆ. ನುಸಿಯ ಮರಿಹುಳ ಉಣ್ಣೆ ತಿನ್ನುತ್ತದೆ, ಹತ್ತಿ ಬಿಡುತ್ತದೆ. ಕತ್ತಲೆ ಇದ್ದು ಯಾರೂ ಅಲುಗಾಡಿಸದ ಜಾಗವೇ ಅದಕ್ಕೆ ಬೇಕು. ಬಾಗಿಲ ಹತ್ತಿರ ದಿನಾ ತುಳಿಸಿಕೊಳ್ಳುವ ಹಮದಾನ್‌ಗೆ ಏನೂ ಆಗಿರಲಿಲ್ಲ. ಈಗ ಊರಿಗೆ ಹೊರಡುವ ವಾರ ಎಲ್ಲವನ್ನೂ ಎರಡೂ ಬದಿ ವ್ಯಾಕ್ಯೂಮ್ ಮಾಡಿ, ಬಾಲ್ಕನಿಯಲ್ಲಿ ಒಂದೆರಡು ಗಂಟೆ ಬಿಸಿಲಿಗೆ ಹಾಕಿ, ಸುರುಳಿ ಸುತ್ತಿ, ಹಳೆ ಕಾಟನ್ ಬೆಡ್‌ಶೀಟಿನಲ್ಲಿ ಕಟ್ಟಿ ಇಡುತ್ತೇನೆ. ನುಸಿಗುಳಿಗೆಯೊಂದನ್ನೇ ನಂಬಬೇಡಿ.

ಗಬ್ಬೇ ಮಕ್ಕಳ ಕೋಣೆಗೆ. ಶಿರಾಜ್ ಸುತ್ತಲಿನ ಫಾರ್ಸ್ ಪ್ರಾಂತದಲ್ಲಿ ಕುರಿ ಕಾಯುತ್ತಾ ಅಲೆಯುವ ಕಶ್ಕಾಯಿ, ಲೂರಿ ಜನ ತಮಗೇ ಅಂತ ನೇಯ್ದುಕೊಳ್ಳುತ್ತಿದ್ದ ಗಂಬಳಿ ಇದು. ದಪ್ಪ, ಮೆತ್ತಗೆ, ಬಯಲಿನಂಥ ಒಂದು ಬಣ್ಣ, ಮೂಲೆಯಲ್ಲೊಂದು ಮೇಕೆ, ಒಂದು ಮರ. ಮಕ್ಕಳು ಅದರ ಮೇಲೇ ನಿದ್ದೆ ಹೋಗುತ್ತಾರೆ. ಕಷ್ಟ ಒಂದೇ, ಧೂಳು ಆಳಕ್ಕೆ ಇಳಿಯುತ್ತದೆ, ಬಿಸ್ಕತ್ತಿನ ಪುಡಿ ಇಳಿದರೆ ಇಳಿದದ್ದೇ. ಮಗುಚಿ ಹಿಂದಿನಿಂದ ಬಡಿಯಬೇಕು. ಧೂಳಿಗೆ ಸೀನುವವರಿದ್ದರೆ ಇದನ್ನು ಬಿಟ್ಟುಬಿಡಿ.

ಕೋಮ್‌ನ ರೇಷ್ಮೆ ಒಂದು ವಾರ ಇಟ್ಟುಕೊಂಡು ವಾಪಸ್ ಕೊಟ್ಟೆ. ಈ ಕಡೆಯಿಂದ ನೋಡಿದರೆ ಕಡು ನೀಲಿ, ಆ ಕಡೆ ಹೋಗಿ ನೋಡಿದರೆ ತಿಳಿ ನೀಲಿ. ಬಹಳ ಚಂದ. ಆದರೆ ಅದನ್ನು ತುಳಿಯೋಕೆ ಮನಸ್ಸೇ ಬರಲ್ಲ, ಗೋಡೆಗೆ ಹಾಕುವವರಿಗೆ ಸರಿ. ರೇಷ್ಮೆ ಅಂತ ಹೇಳಿ ವಿಸ್ಕೋಸ್ ಅನ್ನುವ ಕೃತಕ ರೇಷ್ಮೆ ಮಾರುವುದೂ ಉಂಟು. ಇದನ್ನು ಹಿಡಿಯುವುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಸೀರೆಗೆ ಮಾಡುವ ಪರೀಕ್ಷೆಯೇ. ಕುಚ್ಚು ಎಷ್ಟೋ ಸಲ ಬೇರೆ ದಾರದ್ದಿರುತ್ತದೆ, ಹಾಗಾಗಿ ಮೇಲಿನ ಎಳೆಯನ್ನೇ ಒಂಚೂರು ಕೇಳಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಅಲ್ಲ.

ಬೆಂಗಳೂರಲ್ಲಿ ಕೊಳ್ಳುವವರು ಒಂದು ಮಾತು ಬಿಡಿಸಿ ಕೇಳಿ. 'ಪರ್ಷಿಯನ್ ಡಿಸೈನ್' ಅಂದರೆ ಇರಾನಿನದ್ದು ಅಂತ ಅರ್ಥ ಅಲ್ಲ. ಉತ್ತರ ಪ್ರದೇಶದ ಭದೋಹಿಯಲ್ಲಿ, ಕಾಶ್ಮೀರದಲ್ಲಿ ಅದೇ ಚಿತ್ತಾರ ಕೈಯಲ್ಲೇ ನೇಯುತ್ತಾರೆ. ಒಳ್ಳೆಯವೂ ಇವೆ, ಆದರೆ ಇರಾನಿನ ಬೆಲೆ ಕೊಡಬಾರದು. ಅಮೆರಿಕದಲ್ಲಿರುವವರು ಇನ್ನೂ ಹುಷಾರಾಗಿರಿ. 2018ರಲ್ಲಿ ಇರಾನಿನ ಗಂಬಳಿಗಳ ಆಮದಿಗೆ ಅಲ್ಲಿ ಮತ್ತೆ ನಿರ್ಬಂಧ ಬಂತು, ಹೊರಗೆ ಕೊಂಡು ಹೊತ್ತುಕೊಂಡು ಹೋಗುವ ಮುಂಚೆ ನಿಯಮ ವಿಚಾರಿಸಿ.

ನಾನು ಇನ್ನೂ ಹಾಸಿ ನೋಡದೆ ಉಳಿದದ್ದು ಬಿಜಾರ್. ಇರಾನಿನ ಕುರ್ದಿಸ್ತಾನದ ಕಡೆಯದ್ದು. ಹೊಕ್ಕನ್ನು ಒದ್ದೆ ಮಾಡಿ, ಭಾರದ ಹಣಿಗೆಯಿಂದ ಬಡಿದೂ ಬಡಿದೂ ಹಲಗೆಯ ಹಾಗೆ ಗಟ್ಟಿ ಮಾಡಿರುತ್ತಾರೆ, ಮಡಚೋಕೆ ಬರಲ್ಲ, ಸುತ್ತಲೇಬೇಕು. ಹೋದ ತಿಂಗಳು ಒಂದನ್ನು ಇಬ್ಬರು ಹುಡುಗರು ಹೊತ್ತು ತಂದರು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಆರನೇ ಮಹಡಿ, ಮೆಟ್ಟಿಲು ಹತ್ತಿಸಿ ಅನ್ನೋಕೆ ಮನಸ್ಸಾಗಲಿಲ್ಲ. ಅದಕ್ಕಿಂತ ಸಣ್ಣ ಅಳತೆಯದ್ದು ಬಂದರೆ ಫೋನ್ ಮಾಡಿ ಅಂತ ಹೇಳಿ ಕಳಿಸಿದ್ದೇನೆ.