ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ಆರು ವರ್ಷದ ಟಿಕಿಂಟರ್

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮ ಮಾವನದು ಅಡಿಕೆ ಖರೀದಿ ಅಂಗಡಿ. ಆರು ವರ್ಷದ ಹಿಂದೆ ಅಲ್ಲಿಗೆ ಚೀಟಿ ಬರೆಯುವ ಸಣ್ಣ ಪ್ರೋಗ್ರಾಂ ಮಾಡಿಕೊಟ್ಟೆ. ಕಿಟಕಿ, ಬಟನ್ನು ಮಾಡಲು ಪೈಥಾನ್ ಭಾಷೆಯ ಜೊತೆಗೇ ಬರುವ ಟಿಕಿಂಟರ್ ಸಾಕು ಅಂದುಕೊಂಡೆ. ಸಾಕಾಯಿತು ಕೂಡ, ಎರಡೂ ಅರ್ಥದಲ್ಲಿ.

ಬಟನ್ನು, ಲೇಬಲ್ಲು ಮಾಡುವುದು ದೊಡ್ಡ ಸಂಗತಿಯಲ್ಲ. ಯಾವ ಆಪ್ಷನ್‌ಗೆ ಯಾವ ವ್ಯಾಲ್ಯೂ ಕೊಡಬೇಕು ಅನ್ನುವುದರಲ್ಲೇ ಕಥೆ ಇರುವುದು. ಕೆಲವು ತುಂಬಾ ಸುಲಭ. ಅಕ್ಷರ ಎಲ್ಲಿ ಕೂರಬೇಕು ಅಂತ ಹೇಳುವ ಆ್ಯಂಕರ್‌ಗೆ ದಿಕ್ಕಿನ ಹೆಸರು: ‘ಎನ್’ ಅಂದರೆ ಮೇಲೆ, ‘ಎಸ್‌ಇ’ ಅಂದರೆ ಕೆಳಗಿನ ಬಲಮೂಲೆ. ಅಂಚಿಗೆ ರಿಲೀಫ್: ಫ್ಲ್ಯಾಟ್, ರೈಸ್ಡ್, ಸಂಕನ್, ಗ್ರೂವ್, ರಿಡ್ಜ್, ಸಾಲಿಡ್. ಆರೇ ಆರು. ತಪ್ಪು ಬರೆದರೆ ಎರರ್‌ನಲ್ಲೇ ಸರಿಯಾದ ಪಟ್ಟಿಯನ್ನು ಮುಖಕ್ಕೆ ಹಿಡಿಯುತ್ತದೆ. ಇದು ನನಗೆ ಭಾರೀ ಇಷ್ಟ.

ಸತಾಯಿಸಿದ್ದು ವಿಡ್ತ್, ಅಂದರೆ ಅಗಲ. ಲೇಬಲ್‌ಗೆ 8 ಅಂತ ಕೊಟ್ಟರೆ ಅದು 8 ಪಿಕ್ಸೆಲ್ ಅಲ್ಲ, 8 ಅಕ್ಷರ. ಅದೂ ಆ ಫಾಂಟಿನ ಸೊನ್ನೆಯಷ್ಟು ಅಗಲದ ಅಕ್ಷರ. ನಮ್ಮ ಅಡಿಕೆಯ ಜಾತಿ ‘ಸಿಪ್ಪೆಗೋಟು’ ಅದರಲ್ಲಿ ಹಿಡಿಯುತ್ತದಾ? ಕೊನೆಯ ‘ಟು’ ಅರ್ಧ ತುಂಡಾಗಿ ನಿಂತಿತ್ತು. ಇನ್ನೊಂದು ದಿನ ಪ್ರಿಂಟ್ ಬಟನ್ ಮೇಲೆ ಪ್ರಿಂಟರಿನ ಚಿತ್ರ ಹಾಕಿದೆ. ಬಟನ್ ಬೆರಳಿನ ಉಗುರಿನಷ್ಟು ಆಯಿತು. ಚಿತ್ರ ಬಂದ ಕೂಡಲೇ ಅದೇ ವಿಡ್ತ್ ಪಿಕ್ಸೆಲ್ ಲೆಕ್ಕಕ್ಕೆ ತಿರುಗುತ್ತದೆ!

ಸುತ್ತ ಬಿಡುವ ಜಾಗಕ್ಕೆ, ಅಂದರೆ ಪ್ಯಾಡಿಂಗ್‌ಗೆ ಬೇರೆ ಲೆಕ್ಕ. ಅಲ್ಲಿ ಬರೀ ಸಂಖ್ಯೆ ಅಂದರೆ ಪಿಕ್ಸೆಲ್. ಸಂಖ್ಯೆಯ ಕೊನೆಗೆ ‘ಸಿ’ ಸೇರಿಸಿದರೆ ಸೆಂಟಿಮೀಟರ್, ‘ಎಂ’ ಸೇರಿಸಿದರೆ ಮಿಲಿಮೀಟರ್. ಫಾಂಟ್ ಸೈಜು 14 ಅಂದರೆ ಪಾಯಿಂಟ್ (ಮಾನಿಟರಿಗೆ ತಕ್ಕಂತೆ ಹಿಗ್ಗುವ ಅಳತೆ), ಮೈನಸ್ 14 ಅಂದರೆ ಪಿಕ್ಸೆಲ್. ಮೈನಸ್ ಸೈಜು ಅಂದರೆ ಎಂತದು ಅಂತ ಮೊದಲು ನಗು ಬಂತು. ಅಂಗಡಿಗೆ ಹೊಸ ಮಾನಿಟರ್ ಬಂದು ಅಕ್ಷರಗಳೆಲ್ಲ ಡಬ್ಬಿಯಿಂದ ಹೊರಗೆ ಬಂದಾಗ ಅದೇ ಮೈನಸ್ ಕಾಪಾಡಿತು.

ಮರೆಯಲಾಗದ್ದು ಮೊದಲ ಸೀಸನ್. ಒಟ್ಟು ಮೊತ್ತದ ಡಬ್ಬಿಯಲ್ಲಿ ಯಾರೂ ಕೈ ಹಾಕಬಾರದು ಅಂತ ಅದರ ಸ್ಟೇಟ್ ಅನ್ನು ಡಿಸೇಬಲ್ಡ್ ಮಾಡಿದ್ದೆ. ತೂಕ ಹಾಕಿದರು, ರೇಟು ಹಾಕಿದರು, ಮೊತ್ತ ಖಾಲಿ. ಎರರ್ ಕೂಡ ಇಲ್ಲ. ಎದುರಿಗೆ ಎರಡು ಗೋಣಿ ಚಾಲಿ ಅಡಿಕೆ ತಂದ ಕೃಷಿಕರು ನಿಂತಿದ್ದಾರೆ. ‘ಎಂತ ಮಾರಾಯ, ನಿನ್ನ ಕಂಪ್ಯೂಟರ್‌ಗೆ ಗುಣಾಕಾರ ಬರುವುದಿಲ್ವಾ?’ ಅಂತ ಮಾವನ ಫೋನು. ಆಮೇಲೆ ತಿಳಿಯಿತು, ಡಿಸೇಬಲ್ಡ್ ಆದ ಎಂಟ್ರಿಗೆ (ಬರೆಯುವ ಡಬ್ಬಿಗೆ) ನಾವು ಬರೆದ ಕೋಡಿನ ಇನ್ಸರ್ಟ್ ಕೂಡ ನಡೆಯುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ರೀಡ್‌ಓನ್ಲಿ ಕೊಟ್ಟರೂ ಇನ್ಸರ್ಟ್‌ಗೆ ಅದೇ ಗತಿ, ಆದರೆ ಸೆಲೆಕ್ಟ್ ಮಾಡಿ ಕಾಪಿ ತೆಗೆಯಬಹುದು. ಡಬ್ಬಿಗೆ ಟೆಕ್ಸ್ಟ್‌ವೇರಿಯೇಬಲ್ (ಡಬ್ಬಿಯಲ್ಲಿ ಕಾಣುವುದನ್ನು ಹಿಡಿದಿಡುವ ವೇರಿಯೇಬಲ್) ಜೋಡಿಸಿ ಅದರ ಮೂಲಕ ಮೊತ್ತ ಕಳಿಸಿದೆ. ಅವತ್ತಿನಿಂದ ಸರಿ.

ಅಡಿಕೆಯ ಜಾತಿ ಆರಿಸಲು ಟಿಟಿಕೆಯ (ಟಿಕಿಂಟರಿನದೇ ಹೊಸ ಬಟನ್, ಡಬ್ಬಿಗಳ ಗುಂಪು) ಕಾಂಬೋಬಾಕ್ಸ್, ಅಂದರೆ ಪಟ್ಟಿಯಿಂದ ಆರಿಸುವ ಡಬ್ಬಿ. ವ್ಯಾಲ್ಯೂಸ್‌ಗೆ ಚಾಲಿ, ಹಳತು, ಪಟೋರ, ಕರಿಗೋಟು, ಸ್ಟೇಟ್ ರೀಡ್‌ಓನ್ಲಿ. ಹುಡುಗರು ಬಾಯಿಗೆ ಬಂದ ಹೆಸರು ಟೈಪ್ ಮಾಡುವುದು ನಿಂತಿತು. ಆದರೆ ಟಿಟಿಕೆಯ ಬಟನ್‌ಗೆ ‘ಬಿಜಿ’ (ಬ್ಯಾಕ್‌ಗ್ರೌಂಡ್) ಅಂತ ಬಣ್ಣ ಕೊಡಲು ಹೋದರೆ ಅಂಥ ಆಪ್ಷನ್ನೇ ಇಲ್ಲ ಅನ್ನುತ್ತದೆ. ಅಲ್ಲಿ ಬಣ್ಣಕ್ಕೆ ಸ್ಟೈಲ್ ಅಂತ ಬೇರೆ ದಾರಿ. ಹಳೆಯ ಬಟನ್, ಹೊಸ ಬಟನ್ ಎರಡನ್ನೂ ಒಂದೇ ಕಿಟಕಿಯಲ್ಲಿ ಬೆರೆಸಿದವನು ನಾನು. ಈಗ ಯಾವುದಕ್ಕೆ ಯಾವ ಆಪ್ಷನ್ ಅಂತ ನನಗೇ ನೆನಪಿರುವುದಿಲ್ಲ. ಆಗ ‘ಕೀಸ್’ ಮೆಥಡ್ ಕರೆದರೆ ಪೂರ್ತಿ ಪಟ್ಟಿ ಸಿಗುತ್ತದೆ.

ಕನ್ನಡದ ವಿಷಯಕ್ಕೆ ಒಂದು ಮಾತು. ಅಂಗಡಿಯ ವಿಂಡೋಸ್‌ನಲ್ಲಿ ಒತ್ತಕ್ಷರ ಚೆನ್ನಾಗಿ ಬರುತ್ತದೆ. ನನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ‘ಮೊತ್ತ’ದ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ಕೂತಿತ್ತು. ಯಾವ ಆಪ್ಷನ್ ತಿರುಗಿಸಿದರೂ ಹೋಗಲಿಲ್ಲ. ಟಿಕಿಂಟರ್‌ಗೆ ನಾನು ಕೊಡುವ ಐದು ಸ್ಟಾರಿನಲ್ಲಿ ಒಂದು ಕತ್ತರಿಸಿದ್ದು ಇದಕ್ಕೇ. ಉಳಿದ ನಾಲ್ಕು ಕೊಟ್ಟಿದ್ದೇನೆ.

ಹೋದ ತಿಂಗಳು ಅಂಗಡಿಯ ಹೊಸ ಹುಡುಗ, ಲೇಬಲ್‌ಗಳು ಮಲಯಾಳದಲ್ಲೂ ಬೇಕು ಅಂದ. ಈ ಸಲ ವಿಡ್ತ್ ಕೊಡಲೇ ಇಲ್ಲ. ಅಕ್ಷರ ಎಷ್ಟು ಅಗಲವೋ ಲೇಬಲ್ ತಾನೇ ಅಷ್ಟು ಹಿಗ್ಗಿತು.